ಮೊಸಳೆಗಿಂತ ದೊಡ್ಡ ಅಪಾಯ: ಮಾಳದ ಚಿಗರಿ, ಪುಣೆಯ ಒಂದು ಪ್ರಯೋಗಾಲಯ, ಮತ್ತು ನಮ್ಮ ಪ್ಲಾಟು

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗೆ, ಕ್ಯಾಬಿನಲ್ಲಿ ಹಿಂಜವಡಿ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡು ಓದೋಣ ಅನ್ನುವವರಿಗೆ, ಈ ವಾರದ ಮಾತು ಇಲ್ಲಿ ಬರಹವಾಗಿ ಇದೆ. ಮಾತಾಡಿದ್ದನ್ನು ಸ್ವಲ್ಪ ತಿದ್ದಿ ಬರೆದಿದ್ದೇನೆ, ಅಷ್ಟೇ.

ಹೋದ ತಿಂಗಳು ಒಂದು ಭಾನುವಾರ ನಾವು ಮನೆಮಂದಿಯೆಲ್ಲ ಪ್ಲಾಟ್ ನೋಡಲು ಹೋಗಿದ್ದೆವು. ಪುಣೆಗೆ ಬಂದು ಹತ್ತು ವರ್ಷ ದಾಟಿದ ಕನ್ನಡಿಗರಿಗೆಲ್ಲ ಈ ಕಾಯಿಲೆ ಬಂದೇ ಬರುತ್ತೆ. ಮೊದಲು ವಾಕಡಿನಲ್ಲಿ ಟೂ ಬಿಎಚ್‌ಕೆ, ಆಮೇಲೆ ಅದರ ಇಎಂಐ, ಆಮೇಲೆ 'ಊರ ಹೊರಗೆ ಎಲ್ಲಾದರೂ ಒಂದು ತುಂಡು ಜಾಗ ಇರಲಿ' ಅನ್ನುವ ಆಸೆ. ಸಾಸವಡ ದಾಟಿ, ಮೋರಗಾಂವದ ಗಣಪತಿಗೆ ಕೈಮುಗಿದು, ಸುಪೆ ಕಡೆಗೆ ಹೋದೆವು. ಏಜೆಂಟ್ ಕಾರು ನಿಲ್ಲಿಸಿ ಕೈ ಬೀಸಿ ತೋರಿಸಿದ: "ಸಾಹೇಬ್, ಇಥೇ ಕಾಹೀಚ್ ನಾಹೀ. ನುಸತಾ ಮಾಳ್ ಆಹೇ." ಇಲ್ಲಿ ಏನೂ ಇಲ್ಲ, ಬರೀ ಮಾಳ. ಅಂದರೆ ಅಡ್ಡಿ ಆತಂಕ ಏನಿಲ್ಲ, ನಿಶ್ಚಿಂತೆಯಿಂದ ತಗೊಳ್ಳಿ ಅಂತ ಅರ್ಥ.

ಆ 'ಏನೂ ಇಲ್ಲದ' ಮಾಳದಲ್ಲಿ ಮೂರು ಚಿಂಕಾರಗಳು ನಿಂತಿದ್ದವು. ಒಣಹುಲ್ಲಿನ ಬಣ್ಣವೇ ಅವುಗಳ ಬಣ್ಣ, ಅಲ್ಲಾಡುವ ತನಕ ಕಾಣಲೇ ಇಲ್ಲ. ನಮ್ಮನ್ನು ನೋಡಿ ಓಡಿದವು. ಸ್ವಲ್ಪ ದೂರದಲ್ಲಿ ಯಾರೋ ಹೊಸದಾಗಿ ಹಾಕಿದ ತಂತಿ ಬೇಲಿ. ಅದರ ಹತ್ತಿರ ನಿಂತವು. ಬೇಲಿಯ ಉದ್ದಕ್ಕೂ ಒಂದಷ್ಟು ದೂರ ನಡೆದವು. ದಾರಿ ಸಿಗದೆ ಬಂದ ಕಡೆಗೇ ವಾಪಸ್ ಹೋದವು.

ಎಂಟು ವರ್ಷದ ನನ್ನ ಮಗ ಟಿವಿಯಲ್ಲಿ ಮಸಾಯಿ ಮಾರಾ ನೋಡಿ ಬೆಳೆದವನು. ಅವನು ಕೇಳಿದ: "ಅಪ್ಪ, ಇಲ್ಲಿ ಮೊಸಳೆ ಇಲ್ವಾ? ಹಾಗಾದ್ರೆ ಇವಕ್ಕೆ ಏನೂ ಡೇಂಜರ್ ಇಲ್ಲ ಅಲ್ವಾ?"

ಆ ಪ್ರಶ್ನೆಗೆ ಅಲ್ಲೇ ಉತ್ತರ ಕೊಡಲು ನನಗೆ ಆಗಲಿಲ್ಲ. ಇವತ್ತಿನ ಮಾತು ಅದರ ಉತ್ತರ.

ಟಿವಿಯ ಮೊಸಳೆ

ಮೊದಲು ಆಫ್ರಿಕಾಕ್ಕೆ ಹೋಗಿ ಬರೋಣ. ಟಾಂಜಾನಿಯಾದ ಸೆರೆಂಗೆಟಿ ಮತ್ತು ಕೀನ್ಯಾದ ಮಸಾಯಿ ಮಾರಾ ನಡುವೆ ಪ್ರತಿವರ್ಷ ಸುಮಾರು 13 ಲಕ್ಷ ವೈಲ್ಡ್‌ಬೀಸ್ಟ್‌ಗಳು ಸುತ್ತು ಹಾಕುತ್ತವೆ. ಜೊತೆಗೆ ಲಕ್ಷಾಂತರ ಜೀಬ್ರಾ, ಗೆಜೆಲ್. ಮಳೆ ಎಲ್ಲಿ ಬಿತ್ತೋ, ಹುಲ್ಲು ಎಲ್ಲಿ ಚಿಗುರಿತೋ ಅಲ್ಲಿಗೆ ನಡಿಗೆ. ದಾರಿಯಲ್ಲಿ ಮಾರಾ ನದಿ ಅಡ್ಡ ಬರುತ್ತೆ, ಅದರಲ್ಲಿ ಮೊಸಳೆ. ನಮ್ಮ ತಲೆಯಲ್ಲಿ ಕೂತಿರುವ ಚಿತ್ರ ಇದೇ.

ಆದರೆ ಲೆಕ್ಕ ನೋಡಿ. ಮಾರಾ ನದಿ ದಾಟುವಾಗ ಮುಳುಗಿ ಸಾಯುವ ವೈಲ್ಡ್‌ಬೀಸ್ಟ್‌ಗಳು ಸರಾಸರಿ ವರ್ಷಕ್ಕೆ ಆರು ಸಾವಿರ ಚಿಲ್ಲರೆ ಅಂತ ಅಧ್ಯಯನ ಮಾಡಿದವರು 2017ರಲ್ಲಿ ಪ್ರಕಟಿಸಿದ್ದಾರೆ. 13 ಲಕ್ಷದಲ್ಲಿ ಆರು ಸಾವಿರ ಅಂದರೆ ನೂರಕ್ಕೆ ಅರ್ಧ. ಆ ಹೆಣಗಳನ್ನು ಮೀನು, ರಣಹದ್ದು, ಮೊಸಳೆ ತಿಂದು ನದಿಯೇ ಬದುಕುತ್ತೆ. ಮೊಸಳೆ ಲಕ್ಷಾಂತರ ವರ್ಷದಿಂದ ಅಲ್ಲೇ ಇದೆ, ವಲಸೆಯೂ ಇದೆ. ಮೊಸಳೆಯಿಂದ ಯಾವ ವಲಸೆಯೂ ನಿಂತಿಲ್ಲ.

ಹಾಗಾದರೆ ನಿಂತಿದ್ದು ಯಾವುದರಿಂದ? ಒಂದು ಸಲ ನಿಜವಾಗಿಯೂ ನಿಲ್ಲುವ ಹಂತಕ್ಕೆ ಬಂದಿತ್ತು. ಆ ಕಥೆಯ ಒಂದು ಕೊನೆ ಸೆರೆಂಗೆಟಿಯಲ್ಲಿದೆ, ಇನ್ನೊಂದು ಕೊನೆ ಇಲ್ಲೇ ಪುಣೆಯಲ್ಲಿ, ಶಿವಾಜಿನಗರದಲ್ಲಿ.

ದೊಡ್ಡ ರೋಗ

ನಿಮ್ಮ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜನೋ ಅಜ್ಜಿಯೋ ಇದ್ದರೆ 'ದೊಡ್ಡ ರೋಗ' ಅಂದರೇನು ಅಂತ ಕೇಳಿ. ನಮ್ಮ ಕಡೆ ದೊಡ್ಡ ಬ್ಯಾನಿ ಅಂತಾರೆ. ದನಕ್ಕೆ ಜ್ವರ ಬರೋದು, ಬಾಯಿ ಹುಣ್ಣಾಗೋದು, ಭೇದಿ ಹತ್ತೋದು, ಒಂದೆರಡು ವಾರದೊಳಗೆ ಹಟ್ಟಿಗೆ ಹಟ್ಟಿಯೇ ಖಾಲಿ. ಇಂಗ್ಲಿಷಿನಲ್ಲಿ ರಿಂಡರ್‌ಪೆಸ್ಟ್. ಎತ್ತು ಸತ್ತರೆ ಉಳುಮೆ ಇಲ್ಲ, ಉಳುಮೆ ಇಲ್ಲದಿದ್ದರೆ ಆ ವರ್ಷ ಊಟ ಇಲ್ಲ. ಊರ ಹೊರಗೆ ಮಾರಿಗೆ ಪೂಜೆ ಮಾಡಿ ಗಡಿ ದಾಟಿಸಿ ಬರುವುದು ಬಿಟ್ಟರೆ ಜನರಿಗೆ ಬೇರೆ ಉಪಾಯ ಇರಲಿಲ್ಲ.

ಬ್ರಿಟಿಷ್ ಸರ್ಕಾರ ಈ ರೋಗದ ತನಿಖೆಗೆ ಒಂದು ಆಯೋಗ ಮಾಡಿತು, 1871ರಲ್ಲಿ ಅದರ ವರದಿ ಬಂತು. ಅದಾದ ಮೇಲೆ 1889ರ ಡಿಸೆಂಬರಿನಲ್ಲಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಾಜಿಕಲ್ ಲ್ಯಾಬೊರೇಟರಿ ಶುರುವಾಯಿತು. ಆ ಕಾಲೇಜೇ ಇವತ್ತಿನ ಸಿಒಇಪಿ. ನಮ್ಮಲ್ಲಿ ಎಷ್ಟು ಜನ ಅದರ ಮುಂದಿನ ರಸ್ತೆಯಲ್ಲಿ ದಿನಾ ಓಡಾಡುತ್ತೇವೆ! ಪ್ರಯೋಗಾಲಯದ ಮೊದಲ ಮುಖ್ಯಸ್ಥ ಆಲ್ಫ್ರೆಡ್ ಲಿಂಗಾರ್ಡ್. ಇಂಥಾ ಅಂಟುರೋಗದ ಕೆಲಸ ಊರಿನ ನಡುವೆ ಬೇಡ, ತಂಪು ಜಾಗವೂ ಬೇಕು ಅಂತ 1893ರಲ್ಲಿ ಅದನ್ನು ಹಿಮಾಲಯದ ಮುಕ್ತೇಶ್ವರಕ್ಕೆ ಸಾಗಿಸಿದರು. ಇವತ್ತಿನ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಹುಟ್ಟು ಇದು.

ಇಲ್ಲಿ ಲ್ಯಾಬು ತೆರೆಯುವ ಎರಡು ವರ್ಷ ಮುಂಚೆ, 1887ರಲ್ಲಿ, ಅದೇ ರೋಗ ಆಫ್ರಿಕಾಕ್ಕೆ ಇಳಿದಿತ್ತು. ಇಂದಿನ ಎರಿಟ್ರಿಯಾದ ಕರಾವಳಿಯಲ್ಲಿ ಬೀಡುಬಿಟ್ಟಿದ್ದ ಇಟಲಿಯ ಸೈನ್ಯಕ್ಕೆಂದು ತಂದ ದನಗಳ ಜೊತೆ, ಬಹುಶಃ ಭಾರತದಿಂದಲೇ ಹಡಗು ಹತ್ತಿದ ದನಗಳ ಜೊತೆ, ಅದು ಬಂತು ಅಂತ ಇತಿಹಾಸಕಾರರು ಹೇಳುತ್ತಾರೆ. ಆಫ್ರಿಕಾದ ದನಗಳು ಆ ರೋಗವನ್ನು ಕಂಡೇ ಇರಲಿಲ್ಲ. ಹತ್ತೇ ವರ್ಷದಲ್ಲಿ ಅದು ದಕ್ಷಿಣದ ತುದಿಯವರೆಗೆ ಹೋಯಿತು. ಅನೇಕ ಕಡೆ ನೂರಕ್ಕೆ ಎಂಬತ್ತು, ತೊಂಬತ್ತು ದನ ಸತ್ತವು. ಇಥಿಯೋಪಿಯಾದಲ್ಲಿ ಭೀಕರ ಬರಗಾಲ, ದನವನ್ನೇ ನಂಬಿದ್ದ ಮಸಾಯಿ ಜನರಲ್ಲಿ ಲೆಕ್ಕವಿಲ್ಲದಷ್ಟು ಸಾವು. ಗೊರಸು ಸೀಳಿದ ಕಾಡುಪ್ರಾಣಿಗಳಿಗೂ ರೋಗ ಹತ್ತಿತು: ಕಾಡೆಮ್ಮೆ, ವೈಲ್ಡ್‌ಬೀಸ್ಟ್, ಜಿರಾಫೆ.

ಮುಂದೆ ಅರವತ್ತು-ಎಪ್ಪತ್ತು ವರ್ಷ ಈ ರೋಗ ಸೆರೆಂಗೆಟಿಯ ಬಯಲಿನಲ್ಲಿ ಬೀಡುಬಿಟ್ಟಿತ್ತು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮುಗಿಯುತ್ತಿದ್ದ ಹಾಗೆ ವೈಲ್ಡ್‌ಬೀಸ್ಟ್ ಕರುಗಳು ಸಾಯುತ್ತಿದ್ದವು. 1960ರ ದಶಕದ ಶುರುವಿನಲ್ಲಿ ಅಲ್ಲಿ ಇದ್ದದ್ದು ಸುಮಾರು ಎರಡೂವರೆ ಲಕ್ಷ ಮಾತ್ರ.

ಈಗ ಪುಣೆಯ ಕೊಂಡಿಗೆ ಬರೋಣ. ಇಲ್ಲಿಂದ ಮುಕ್ತೇಶ್ವರಕ್ಕೆ ಹೋದ ಪ್ರಯೋಗಾಲಯದಲ್ಲಿ 1920ರ ದಶಕದಲ್ಲಿ ಜೆ. ಟಿ. ಎಡ್ವರ್ಡ್ಸ್ ಅನ್ನುವವರು ದೊಡ್ಡ ರೋಗದ ವೈರಾಣುವನ್ನು ಮೇಕೆಯಿಂದ ಮೇಕೆಗೆ ನೂರಾರು ಸಲ ದಾಟಿಸಿ, ಅದರ ಸೊಕ್ಕು ಮುರಿದು, ದನಕ್ಕೆ ಲಸಿಕೆ ಮಾಡಿದರು. ಆ ದಾರಿಯಲ್ಲಿ ಮುಂದೆ ಹೋದವರು ಕೀನ್ಯಾದಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಪ್ಲೋರೈಟ್. ಇನ್ನೂ ಸುರಕ್ಷಿತವಾದ, ಅಗ್ಗದ ಲಸಿಕೆ ಅವರದು. ಸೆರೆಂಗೆಟಿಯ ಸುತ್ತಲಿನ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದರು. ವೈಲ್ಡ್‌ಬೀಸ್ಟಿಗೆ ಯಾರೂ ಸೂಜಿ ಚುಚ್ಚಲಿಲ್ಲ, ಆದರೆ ಕರುಗಳು ಸಾಯುವುದು ನಿಂತಿತು. ಎರಡೂವರೆ ಲಕ್ಷ ಇದ್ದದ್ದು 1970ರ ದಶಕದ ಕೊನೆಗೆ 13 ಲಕ್ಷ ಆಯಿತು. ಟಿವಿಯಲ್ಲಿ ಇವತ್ತು ಕಾಣುವ ಆ ಪ್ರವಾಹ ದನದ ಲಸಿಕೆಯ ಫಲ.

ನಮ್ಮಲ್ಲೂ ಕಾಡುಪ್ರಾಣಿಗೆ ಈ ರೋಗ ತಗುಲಿತ್ತು. 1968ರಲ್ಲಿ ಬಂಡೀಪುರ-ಮುದುಮಲೈ ಕಾಡಿನಲ್ಲಿ ಕಾಟಿಗಳ ಹಿಂಡುಗಳೇ ಹೋದವು. ಭಾರತದಲ್ಲಿ ಕೊನೆಯ ಪ್ರಕರಣ 1995ರದ್ದು. 2011ರಲ್ಲಿ ಇಡೀ ಜಗತ್ತೇ ರಿಂಡರ್‌ಪೆಸ್ಟ್‌ನಿಂದ ಮುಕ್ತ ಅಂತ ಘೋಷಣೆಯಾಯಿತು. ಸಿಡುಬಿನ ನಂತರ ಮನುಷ್ಯ ಬೇರುಸಹಿತ ಕಿತ್ತ ಎರಡನೇ ರೋಗ ಇದೊಂದೇ.

ಮೊಸಳೆಗಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣದಷ್ಟು ಚಿಕ್ಕದಾಗಿತ್ತು. ಅದನ್ನು ಗೆದ್ದೆವು. ಸರಿ, ಈಗ ನಮ್ಮ ಚಿಗರಿಗೆ ಬರೋಣ.

ಸಿವಂಗಿ ಮತ್ತು ಬಂಡಿ

ಕೃಷ್ಣಮೃಗಕ್ಕೆ ಉತ್ತರ ಕರ್ನಾಟಕದಲ್ಲಿ ಚಿಗರಿ ಅಂತಾರೆ. ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸಿಗೂ ಅದೇ ಹೆಸರು ಇಟ್ಟಿದ್ದಾರೆ. ಮರಾಠಿಯಲ್ಲಿ ಕಾಳವೀಟ. ಸುಪೆಯಲ್ಲಿ ನಾನು ನೋಡಿದ್ದು ಅದರ ತಮ್ಮನಂಥ ಚಿಂಕಾರ. ಎರಡೂ ಬಯಲಿನ ಪ್ರಾಣಿಗಳು. ಕಾಡಿನಲ್ಲಿ ಅಡಗುವ ಸ್ವಭಾವ ಇಲ್ಲ. ದೂರದಿಂದಲೇ ಶತ್ರುವನ್ನು ನೋಡಬೇಕು, ನೋಡಿದ ತಕ್ಷಣ ಓಡಬೇಕು. ಕಣ್ಣು ಮತ್ತು ಕಾಲು, ಇವೆರಡೇ ಅವುಗಳ ಆಸ್ತಿ.

ಸೆರೆಂಗೆಟಿಯ ಹಾಗೆ ಸಾವಿರ ಕಿಲೋಮೀಟರ್ ಸುತ್ತು ಇವು ಹಾಕುವುದಿಲ್ಲ. ಆದರೆ ನಿಂತಲ್ಲಿ ನಿಲ್ಲುವ ಪ್ರಾಣಿಯೂ ಅಲ್ಲ. ಮಳೆ ಬಿದ್ದ ಕಡೆ, ಚಿಗುರು ಇದ್ದ ಕಡೆ, ಬೇಸಿಗೆಯಲ್ಲಿ ನೀರು ಉಳಿದ ಕಡೆ ಸರಿಯುತ್ತಲೇ ಇರುತ್ತವೆ. ಹಿಂಡಿನಿಂದ ಹೊರಬಿದ್ದ ಎಳೆಯ ಗಂಡುಗಳು ಹೊಸ ಮಾಳ ಹುಡುಕಿ ಹೋಗಬೇಕು. ಆ ಓಡಾಟ ನಿಂತರೆ ಹಿಂಡು ಒಳಗೊಳಗೇ ಸೊರಗುತ್ತೆ.

ಈ ಬಯಲುಸೀಮೆಗೆ ಚಿಗರಿ ಎಷ್ಟು ಹಳೆಯದು ಅಂದರೆ, ಕೃಷ್ಣಮೃಗ ತಾನಾಗಿ ತಿರುಗಾಡುವ ನೆಲವೇ ಯಜ್ಞಕ್ಕೆ ಯೋಗ್ಯವಾದ ನೆಲ ಅಂತ ಧರ್ಮಶಾಸ್ತ್ರಗಳಲ್ಲಿ ಬರೆದಿದ್ದಾರೆ. ಹಾಗಂತ ಬೇಟೆ ನಿಂತಿರಲಿಲ್ಲ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಜಿಂಕೆ ಬೇಟೆಯ ವಿವರ ಇದೆ. ಪಳಗಿಸಿದ ಚೀತಾ ಬಳಸಿ ಬೇಟೆಯಾಡುವುದರ ಬಗ್ಗೆ ನಮ್ಮ ದೇಶದಲ್ಲಿ ಸಿಗುವ ಮೊದಲ ಬರಹವೂ ಅದೇ ಅಂತ ವಿದ್ವಾಂಸರು ಹೇಳುತ್ತಾರೆ. ಬಸವಕಲ್ಯಾಣದಲ್ಲಿ ರಾಜ್ಯವಾಳಿದ ನಮ್ಮದೇ ದೊರೆಯ ಪುಸ್ತಕ! ಚೀತಾಕ್ಕೆ ಕನ್ನಡದಲ್ಲಿ ಸಿವಂಗಿ ಅಂತ ಚೆಂದದ ಹೆಸರಿತ್ತು, ನಾವು ಮರೆತಿದ್ದೇವೆ.

ಈ ಬೇಟೆಗೆ ಕೊನೆಯವರೆಗೂ ಹೆಸರಾಗಿದ್ದ ಊರು ಕೊಲ್ಹಾಪುರ. ಬೆಂಗಳೂರಿಂದ ಪುಣೆಗೆ ಬರುವಾಗ ಬೆಳಗಿನ ಜಾವ ಬಸ್ಸು ಚಹಾಕ್ಕೆ ನಿಲ್ಲುವ ಸೀಮೆ. ಅಲ್ಲಿನ ಮಹಾರಾಜರ ಬಳಿ ಸಿವಂಗಿಗಳೂ ಅವುಗಳನ್ನು ಸಾಕುವ ಮನೆತನಗಳೂ ಇದ್ದವು. ಕ್ರಮ ಹೀಗೆ: ಸಿವಂಗಿಯ ಕಣ್ಣಿಗೆ ಟೋಪಿ ಕಟ್ಟಿ ಎತ್ತಿನ ಬಂಡಿಯಲ್ಲಿ ಕೂರಿಸುವುದು. ಬಂಡಿ ನಿಧಾನಕ್ಕೆ ಹಿಂಡಿನ ಹತ್ತಿರ ಹೋಗುವುದು. ಚಿಗರಿಗೆ ರೈತರ ಬಂಡಿ ದಿನಾ ನೋಡಿ ರೂಢಿ, ಅದು ಹೆದರುವುದಿಲ್ಲ. ಹತ್ತಿರ ಬಂದ ಮೇಲೆ ಟೋಪಿ ತೆಗೆಯುವುದು. ನಾಲ್ಕೈದು ನೂರು ಗಜದ ಓಟದಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಸಿವಂಗಿ ಸುಸ್ತಾಗಿ ಕೂತುಬಿಡುತ್ತೆ.

ಮೊದಲು ಮುಗಿದದ್ದು ಬೇಟೆಗಾರನೇ. ಸಿವಂಗಿ ಸೆರೆಯಲ್ಲಿ ಮರಿ ಹಾಕುವುದು ಬಹಳ ಅಪರೂಪ. ಆದ್ದರಿಂದ ಪ್ರತಿಸಲ ಕಾಡಿನಿಂದಲೇ ಹಿಡಿದು ತರಬೇಕಿತ್ತು. ಹಿಡಿದು ಹಿಡಿದು ಇಲ್ಲಿನವು ಮುಗಿದವು. 1918ರಿಂದ 1945ರ ನಡುವೆ ಕೊಲ್ಹಾಪುರ, ಭಾವನಗರದಂಥ ಸಂಸ್ಥಾನಗಳು ಇನ್ನೂರರಷ್ಟು ಚೀತಾಗಳನ್ನು ಆಫ್ರಿಕಾದಿಂದ ತರಿಸಿಕೊಂಡವು. 2022ರಲ್ಲಿ ನಮೀಬಿಯಾದಿಂದ ಕೂನೋಗೆ ಎಂಟು ಚೀತಾ ಬಂದಾಗ ದೊಡ್ಡ ಸುದ್ದಿಯಾಯಿತಲ್ಲ, ಅದಕ್ಕೂ ನೂರು ವರ್ಷ ಹಿಂದೆಯೇ ಕೊಲ್ಹಾಪುರಕ್ಕೆ ಹಡಗಿನಲ್ಲಿ ಬಂದಿದ್ದವು. ಇಲ್ಲಿನ ಕೊನೆಯ ಮೂರು ಕಾಡುಸಿವಂಗಿಗಳನ್ನು 1947ರಲ್ಲಿ ಕೋರಿಯಾ ಸಂಸ್ಥಾನದ ರಾಜ ಗುಂಡಿಕ್ಕಿ ಕೊಂದ. 1952ರಲ್ಲಿ ಸರ್ಕಾರವೇ ಚೀತಾ ಅಳಿದುಹೋಗಿದೆ ಅಂತ ಹೇಳಿತು.

ಆಮೇಲೆ ಬಂತು ಜೀಪು ಮತ್ತು ಸರ್ಚ್‌ಲೈಟ್. ರಾತ್ರಿ ದೀಪ ಬಿಟ್ಟರೆ ಚಿಗರಿ ಕಣ್ಣು ಮಿನುಗಿಸಿ ನಿಂತುಬಿಡುತ್ತೆ. ಅದರ ಓಟ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಸ್ವಾತಂತ್ರ್ಯದ ನಂತರದ ಎರಡು ದಶಕಗಳಲ್ಲಿ ಬಯಲುಸೀಮೆಯ ಹಿಂಡುಗಳು ಕರಗಿದವು. 1972ರ ವನ್ಯಜೀವಿ ಕಾಯ್ದೆ ಚಿಗರಿಯನ್ನು ಮೊದಲ ಅನುಸೂಚಿಗೆ ಸೇರಿಸಿತು, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ. ಕಾಯ್ದೆ ಕೆಲಸ ಮಾಡಿದೆ. ಹಲವು ಕಡೆ ಚಿಗರಿ ಚೇತರಿಸಿಕೊಂಡಿದೆ.

ಹಾಗಾದರೆ ಈ ಅಪಾಯವನ್ನೂ ಬಹುಮಟ್ಟಿಗೆ ಗೆದ್ದೆವು. ಉಳಿದದ್ದು ಮೂರನೆಯದು.

'ಏನೂ ಇಲ್ಲ' ಅನ್ನುವ ಮಾತು

ಮೂರನೆಯ ಅಪಾಯ ಒಂದು ಶಬ್ದ. ಬಂಜರು, ಪಡ, ಬರಡು, ವೇಸ್ಟ್‌ಲ್ಯಾಂಡ್. ನಮ್ಮ ಏಜೆಂಟನ ಭಾಷೆಯಲ್ಲಿ 'ಕಾಹೀಚ್ ನಾಹೀ'.

ಮರಾಠಿಯವರು ಹುಲ್ಲುಬಯಲಿಗೆ ಮಾಳರಾನ ಅಂತಾರೆ. ನಮ್ಮ ಗೋಮಾಳದಲ್ಲೂ ಅದೇ ಮಾಳ. ಈ ಮಾಳ ಯಾವತ್ತೂ ಖಾಲಿ ಇರಲಿಲ್ಲ. ಧನಗರರು, ನಮ್ಮ ಹಾಲುಮತದ ಕುರುಬರು ಕುರಿ ಹೊಡೆದುಕೊಂಡು ಇದರ ಮೇಲೆಯೇ ತಿರುಗಿದರು. ಸುಪೆಯಿಂದ ಸ್ವಲ್ಪ ದೂರದ ಜೇಜುರಿಯ ಖಂಡೋಬಾ, ನಮ್ಮ ಮೈಲಾರಲಿಂಗ, ಬೀರಪ್ಪ-ಬಿರೋಬಾ, ಎಲ್ಲರೂ ಈ ಕುರಿದಾರಿಯಲ್ಲೇ ಗಡಿ ದಾಟಿದ ದೇವರುಗಳು. ಜರ್ಮನಿಯ ಗುಂಥರ್ ಸೊಂಥೈಮರ್ ಈ ದೇವರುಗಳ, ಈ ಜನರ ಬೆನ್ನುಹತ್ತಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಕುರಿ, ಚಿಗರಿ, ಎರಡರ ಮೇಲೂ ಕಣ್ಣಿಟ್ಟ ತೋಳ, ಎಲ್ಲವೂ ಒಂದೇ ಹುಲ್ಲಿನ ಲೆಕ್ಕದಲ್ಲಿ ಬದುಕುತ್ತಿದ್ದವು.

ಲೆಕ್ಕ ಬದಲಾದದ್ದು ಕಂದಾಯದಿಂದ. 1836ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಅನ್ನುವ ಇಬ್ಬರು ಅಧಿಕಾರಿಗಳು ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕಿನಿಂದ ಹೊಸ ಕಂದಾಯ ಪದ್ಧತಿ ಶುರುಮಾಡಿದರು. ಮಣ್ಣಿನ ಆಳ, ಬಣ್ಣ ನೋಡಿ ಹದಿನಾರು ಆಣೆಯ ಲೆಕ್ಕದಲ್ಲಿ ಪ್ರತಿ ಹೊಲಕ್ಕೆ ದರ್ಜೆ ಕೊಟ್ಟರು. ದರ ಇಳಿಸಿ ಮೂವತ್ತು ವರ್ಷಕ್ಕೆ ನಿಗದಿ ಮಾಡಿದರು. ಹಿಂದಿನ ಭಾರೀ ಕಂದಾಯಕ್ಕೆ ಹೆದರಿ ಬಿಟ್ಟಿದ್ದ ಭೂಮಿಯನ್ನೆಲ್ಲ ಜನ ಮತ್ತೆ ಉತ್ತರು. ರೈತನಿಗೆ ಅದು ಉಪಕಾರವೇ. ಆದರೆ ಆ ಲೆಕ್ಕದಲ್ಲಿ ಹುಲ್ಲು ಬೆಳೆಯುವ ತೆಳುಮಣ್ಣಿಗೆ ಬೆಲೆಯೇ ಇರಲಿಲ್ಲ. ಉತ್ತರೆ ಭೂಮಿ, ಉಳದಿದ್ದರೆ ಪಡ. ಕಂದಾಯವನ್ನು ರೊಕ್ಕದಲ್ಲಿ ಕಟ್ಟಬೇಕು, ರೊಕ್ಕಕ್ಕೆ ಸಾಹುಕಾರ, ಸಾಹುಕಾರನಿಗೆ ಬಡ್ಡಿ. 1875ರ ಮೇ ತಿಂಗಳಲ್ಲಿ ಸಾಹುಕಾರರ ಲೆಕ್ಕಪತ್ರ ಸುಟ್ಟ ಡೆಕ್ಕನ್ ದಂಗೆ ಶುರುವಾದದ್ದು ಯಾವ ಊರಿನಲ್ಲಿ ಗೊತ್ತಾ? ಇದೇ ಸುಪೆಯಲ್ಲಿ.

ಮೈಸೂರು ಕಡೆ ಬೇರೆ ಕಥೆ. ಅಲ್ಲಿ ಅರಸರು ಸೈನ್ಯದ ಎತ್ತುಗಳಿಗಾಗಿ ಅಮೃತ ಮಹಲ್ ಕಾವಲುಗಳನ್ನು ಕಾದಿರಿಸಿದ್ದರು. ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು. ದನಕ್ಕೆ ಕಾದಿಟ್ಟ ಹುಲ್ಲಿನಲ್ಲಿ ಚಿಗರಿಯೂ ಎರೆಭೂತ ಹಕ್ಕಿಯೂ ಬದುಕಿದವು. ಫಿರಂಗಿ ಎಳೆಯುವ ಎತ್ತಿನ ಕೆಲಸ ಮುಗಿದ ಮೇಲೆ ಕಾವಲುಗಳು ಕರಗುತ್ತಾ ಬಂದವು. ಚಳ್ಳಕೆರೆಯಲ್ಲಿ ಸುಮಾರು ಹತ್ತು ಸಾವಿರ ಎಕರೆ ಕಾವಲನ್ನು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿಯ ಸಂಸ್ಥೆಗಳಿಗೆ ಕೊಟ್ಟದ್ದು ನಮ್ಮ ಕಾಲದಲ್ಲೇ. ಸುತ್ತಲ ಹಳ್ಳಿಯವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಡುಕೂ ಇದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮ 1974ರದ್ದು, 119 ಚದರ ಕಿಲೋಮೀಟರ್. ಅದರ ಬಹುಪಾಲು ಬಯಲನ್ನು 'ಹಸಿರು' ಮಾಡೋಣ ಅಂತ ನೀಲಗಿರಿ ನೆಟ್ಟು ತುಂಬಿಸಿದರು. ಕಣ್ಣು ಹಾಯದ ಜಾಗದಲ್ಲಿ ಚಿಗರಿ ಇರುವುದಿಲ್ಲ. ಮರ ನೆಟ್ಟು ಧಾಮದಿಂದಲೇ ಅದನ್ನು ಹೊಲಕ್ಕೆ ಓಡಿಸಿದ ಹಾಗಾಯಿತು. ಮರ ನೆಟ್ಟರೆ ಪುಣ್ಯ ಅಂತ ನಮ್ಮ ಕಂಪನಿಗಳೂ ಪ್ರತಿವರ್ಷ ಬಸ್ಸು ಮಾಡಿಕೊಂಡು ಗುಡ್ಡಕ್ಕೆ, ಮಾಳಕ್ಕೆ ಕರೆದುಕೊಂಡು ಹೋಗುತ್ತವಲ್ಲ, ಮುಂದಿನ ಸಲ 'ಇಲ್ಲಿ ಮೊದಲು ಏನಿತ್ತು?' ಅಂತ ಒಮ್ಮೆ ಕೇಳಿ ನೋಡಿ.

ಪುಣೆಯ ಸುತ್ತ ಏನು ಉಳಿದಿದೆ? ಸುಪೆಯ ಹತ್ತಿರ ಚಿಂಕಾರಕ್ಕಾಗಿ 1997ರಲ್ಲಿ ಮಾಡಿದ ಮಯೂರೇಶ್ವರ ಅಭಯಾರಣ್ಯ 5.14 ಚದರ ಕಿಲೋಮೀಟರ್. ಅಹಿಲ್ಯಾನಗರ ಜಿಲ್ಲೆಯ ರೇಹೆಕುರಿ ಕಾಳವೀಟ ಅಭಯಾರಣ್ಯ, 1980ರದ್ದು, 2.17 ಚದರ ಕಿಲೋಮೀಟರ್. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಮಯೂರೇಶ್ವರ ಸುಮಾರು 1,270 ಎಕರೆ. ನಮ್ಮ ಹಿಂಜವಡಿ ಐಟಿ ಪಾರ್ಕ್ ಸುಮಾರು 2,800 ಎಕರೆ. ಒಂದು ಇಡೀ ಅಭಯಾರಣ್ಯ ಹಿಂಜವಡಿಯ ಅರ್ಧದಷ್ಟೂ ಇಲ್ಲ! ಸೊಲ್ಲಾಪುರ ಕಡೆಯ ಎರೆಭೂತದ ಅಭಯಾರಣ್ಯವನ್ನು 1979ರಲ್ಲಿ 8,496 ಚದರ ಕಿಲೋಮೀಟರ್ ಅಂತ ಬರೆದರು. ಊರು, ಹೊಲ, ಪೇಟೆ ಎಲ್ಲ ಅದರೊಳಗೆ. ಜನ ಜಾಗ ಮಾರುವಂತಿಲ್ಲ, ಕೊಳ್ಳುವಂತಿಲ್ಲ, ರೊಚ್ಚಿಗೆದ್ದರು. ಕೊನೆಗೆ 1,222ಕ್ಕೆ ಇಳಿಸಿದರು. ಕಾಗದದ ಮೇಲೆ ಜಾಸ್ತಿ ಬರೆದರೂ ಕಷ್ಟ, ಕಡಿಮೆ ಬರೆದರೂ ಕಷ್ಟ.

ಬೇಲಿ

ಅಭಯಾರಣ್ಯ ಚಿಕ್ಕದಾದರೂ ಅದರಾಚೆಗೆ ಓಡಾಡಲು ಬಯಲು ಇದ್ದರೆ ಚಿಗರಿ ಹೇಗೋ ಬದುಕುತ್ತೆ. ಅಲ್ಲಿ ಬೇಲಿ ಬರುತ್ತೆ. ಬೇಲಿ ಏನು ಮಾಡಬಲ್ಲದು ಅನ್ನುವುದಕ್ಕೆ ಮತ್ತೆ ಆಫ್ರಿಕಾ ನೋಡಿ. ಬೋಟ್ಸ್ವಾನಾದಲ್ಲಿ ದನಗಳ ಕಾಲುಬಾಯಿ ಜ್ವರ ತಡೆಯಲು, ಯುರೋಪಿಗೆ ಮಾಂಸ ಕಳಿಸುವುದಕ್ಕೆ ತೊಂದರೆಯಾಗದಿರಲಿ ಅಂತ, 1950ರ ದಶಕದಿಂದ ನೂರಾರು ಕಿಲೋಮೀಟರ್ ಬೇಲಿ ಹಾಕಿದರು. 1980ರ ದಶಕದ ಬರಗಾಲದಲ್ಲಿ ನೀರಿಗಾಗಿ ಹೊರಟ ವೈಲ್ಡ್‌ಬೀಸ್ಟ್‌ಗಳು ಆ ಬೇಲಿಗೆ ಬಂದು ತಡೆದು, ಹತ್ತಾರು ಸಾವಿರ ಸತ್ತವು. ಅದನ್ನು ಹಾಕಿದವರು ಕಟುಕರೇನಲ್ಲ. ದನ ಉಳಿಸಲು ಹಾಕಿದ ಬೇಲಿ.

ನಮಗೆ ಇನ್ನೂ ಹತ್ತಿರದ ಉದಾಹರಣೆ ನೈರೋಬಿ. ಆ ಊರಿನ ದಕ್ಷಿಣಕ್ಕೆ ಆಥಿ-ಕಪುಟಿ ಬಯಲು. 1970ರ ದಶಕದಲ್ಲಿ ಅಲ್ಲಿ 25 ಸಾವಿರಕ್ಕೂ ಹೆಚ್ಚು ವೈಲ್ಡ್‌ಬೀಸ್ಟ್ ವಲಸೆ ಹೋಗುತ್ತಿದ್ದವು. 2011ರ ಹೊತ್ತಿಗೆ ಮೂರು ಸಾವಿರಕ್ಕೂ ಕಡಿಮೆ. ಯಾರೂ ಕೂಡಿ ಬೇಟೆಯಾಡಿ ಮುಗಿಸಲಿಲ್ಲ. ಊರು ಬೆಳೆಯಿತು, ಮಸಾಯಿಗಳ ಸಾಮೂಹಿಕ ಭೂಮಿ ತುಂಡು ತುಂಡಾಗಿ ಮಾರಾಟವಾಯಿತು, ನೌಕರಿಯವರು ಪ್ಲಾಟ್ ಕೊಂಡರು, ಎಲ್ಲರೂ ಬೇಲಿ ಹಾಕಿದರು. ಓದುತ್ತಾ ಹೋದ ಹಾಗೆ ನನಗೆ ಸಾಸವಡ ರಸ್ತೆಯ ಫಲಕಗಳೇ ಕಣ್ಣಿಗೆ ಬಂದವು.

ನಮ್ಮ ಬಯಲಿನಲ್ಲಿ ಬೇಲಿಯ ಜೊತೆ ಇನ್ನೂ ಮೂರು ಸೇರಿಕೊಂಡಿವೆ. ಒಂದು, ಕಟ್ಟೆ ಇಲ್ಲದ ತೆರೆದ ಬಾವಿ. ರಾತ್ರಿ ಓಡುವಾಗ ಬಿದ್ದರೆ ಮುಗಿಯಿತು. ಎರಡು, ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ. ನೀರು ಕುಡಿಯಲು ಇಳಿದ ಪ್ರಾಣಿಗೆ ಗೊರಸು ಜಾರಿ ಮೇಲೆ ಹತ್ತಲು ಆಗುವುದಿಲ್ಲ. ಮೂರು, ಬೀದಿನಾಯಿ. ಹೊಸ ಕಾಲೊನಿ, ಹೊಸ ಢಾಬಾ ಬಂದಲ್ಲೆಲ್ಲ ಕಸ, ಕಸದ ಹಿಂದೆ ನಾಯಿಗುಂಪು. ಸಿವಂಗಿಯಿಂದ ತಪ್ಪಿಸಿಕೊಂಡ ಚಿಗರಿ ಬೇಲಿಗೆ ಸಿಕ್ಕಿ ನಾಯಿಗೆ ಆಹುತಿಯಾಗುತ್ತೆ.

ಕಾಕಾನ ಫೋನು

ಇಷ್ಟೆಲ್ಲ ಓದಿಕೊಂಡು ಉತ್ಸಾಹದಲ್ಲಿ ಊರಿಗೆ ಫೋನ್ ಮಾಡಿದೆ. ನಮ್ಮದು ಗದಗ ಜಿಲ್ಲೆಯ ರೋಣದ ಕಡೆ, ಎರೆ ಹೊಲದ ಸೀಮೆ. ಕಾಕಾ ಎಲ್ಲ ಕೇಳಿಸಿಕೊಂಡು ಅಂದರು: "ನಿನಗೇನಪಾ, ಪುಣೇದಾಗ ಕುಂತು ಚಿಗರಿ ಚೆಂದ ಅಂತಿ. ಇಲ್ಲಿ ಕಡ್ಲಿ ಮೊಳಕಿ ಒಡಿಯೂದಕ್ಕ ಇಲ್ಲ, ಐವತ್ತು ಚಿಗರಿ ಬಂದು ಚಿವುಟಿ ಹೊಕ್ಕಾವು. ರಾತ್ರಿಯೆಲ್ಲಾ ಥಂಡ್ಯಾಗ ಹೊಲಾ ಕಾಯೋರು ಯಾರು, ನೀ ಬರ್ತಿಯೇನು?"

ನಾನು ಸುಮ್ಮನಾದೆ. ಕಾಕಾ ಹೇಳಿದ್ದು ಸುಳ್ಳಲ್ಲ. ಗದಗ, ಕೊಪ್ಪಳದ ಯಲಬುರ್ಗಾ, ಕುಕನೂರು ಕಡೆಯ ರೈತರು ವರ್ಷಗಳಿಂದ ಇದೇ ಮಾತು ಹೇಳುತ್ತಾ ಬಂದಿದ್ದಾರೆ. ಪರಿಹಾರಕ್ಕೆ ಅರ್ಜಿ, ಫೋಟೋ, ಕಚೇರಿಗೆ ಅಲೆದಾಟ, ಬರುವ ದುಡ್ಡು ಬೀಜದ ಖರ್ಚಿಗೂ ಸಾಲದು ಅನ್ನುವ ದೂರು. 'ಜಿಂಕೆ ವನ ಮಾಡಿ ಇವನ್ನು ಒಯ್ಯಿರಿ' ಅನ್ನುವುದು ಅವರ ಬೇಡಿಕೆ. ಗೋಮಾಳ ಹೋದ ಮೇಲೆ ಚಿಗರಿಗೆ ಉಳಿದ ಹುಲ್ಲು ರೈತನ ಹೊಲವೇ. ಮಾಳವನ್ನು ತಿಂದವರು ಬೇರೆ, ಅದರ ದಂಡ ಕಟ್ಟುತ್ತಿರುವವರು ನಮ್ಮ ಕಾಕಾ. ಚಿಗರಿ ಉಳಿಯಬೇಕು ಅನ್ನುವ ನಾವು ಆ ದಂಡದಲ್ಲಿ ಪಾಲು ಕೊಡುವ ಬಗ್ಗೆ ಮಾತಾಡದಿದ್ದರೆ ನಮ್ಮ ಪ್ರೀತಿ ಪುಕ್ಕಟೆ ಪ್ರೀತಿ.

ಆಶಾದಾಯಕವಾದದ್ದೂ ಇದೆ. ಕರ್ನಾಟಕದಲ್ಲಿ ಮಧುಗಿರಿಯ ಮೈದೇನಹಳ್ಳಿಯ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಸಂರಕ್ಷಣಾ ಮೀಸಲು ಮಾಡಿದರು. ಚಿಂಕಾರಕ್ಕಾಗಿ ಬಾಗಲಕೋಟೆಯ ಯಡಹಳ್ಳಿ, ಶಿರಾದ ಬುಕ್ಕಾಪಟ್ಟಣ ವನ್ಯಧಾಮಗಳಾದವು. ಪುಣೆ ಜಿಲ್ಲೆಯಲ್ಲಿ, ವಿಂಗೇಟ್ ಹದಿನಾರಾಣೆ ಲೆಕ್ಕ ಹಾಕಿದ ಅದೇ ಇಂದಾಪುರ ತಾಲ್ಲೂಕಿನ ಕಡಬನವಾಡಿಯಲ್ಲಿ ಅರಣ್ಯ ಇಲಾಖೆ ಹುಲ್ಲುಗಾವಲು ಸಫಾರಿ ಮಾಡಿದೆ. ಅಲ್ಲಿ ಚಿಂಕಾರ, ತೋಳ ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಿದ್ದಾರೆ. 'ಏನೂ ಇಲ್ಲದ' ಮಾಳಕ್ಕೆ ಟಿಕೆಟ್ಟು! ಆ ದುಡ್ಡು ಹಳ್ಳಿಯವರ ಕೈ ಸೇರಿದಷ್ಟೂ ಚಿಗರಿಗೆ ಒಳ್ಳೆಯದು.

ನಮ್ಮ ಪ್ಲಾಟು

ಕೊನೆಗೆ ಪ್ಲಾಟ್ ಕಥೆ ಹೇಳಿ ಮುಗಿಸುತ್ತೇನೆ. ನಾವು ಟೋಕನ್ ಕೊಡಲಿಲ್ಲ. ಇದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ, ನಾನು ಬಿಟ್ಟದ್ದನ್ನು ಇನ್ನೊಬ್ಬರು ತಗೊಂಡಿದ್ದಾರೆ ಅಂತ ಎರಡೇ ವಾರದಲ್ಲಿ ಏಜೆಂಟ್ ಫೋನ್ ಮಾಡಿ ಹೇಳಿದ. ಒಬ್ಬ ಬಿಟ್ಟರೆ ಚಿಂಕಾರಕ್ಕೆ ದಾರಿ ಸಿಗುವುದಿಲ್ಲ, ಗೊತ್ತು. ನಾವು ಇರುವ ವಾಕಡೂ ಒಂದು ಕಾಲಕ್ಕೆ ಹೊಲವೋ ಮಾಳವೋ ಆಗಿದ್ದೇ.

ಆದರೂ ಮಾಡಬಹುದಾದ ಕೆಲವು ಇವೆ. ಜಾಗ ಕೊಳ್ಳುವವರು ಸಾತ್‌ಬಾರಾ ತೆಗೆಸಿದಾಗ ಬರೀ ಮಾಲೀಕರ ಹೆಸರು ನೋಡಬೇಡಿ, ಆ ಗಟ್ ನಂಬರಿನ ಪಕ್ಕದಲ್ಲಿ ಗಾಯರಾನ, ಅರಣ್ಯದ ಜಾಗ ಇದೆಯಾ ನೋಡಿ. ಈಗಾಗಲೇ ಕೊಂಡಿದ್ದರೆ, ಮನೆ ಕಟ್ಟುವ ತನಕ ಇಡೀ ಜಾಗಕ್ಕೆ ಜಾಲರಿ ಬೇಲಿ ಹಾಕಬೇಡಿ, ಕಲ್ಲು ನೆಟ್ಟರೆ ಸಾಕು. ಹಾಕಲೇಬೇಕಾದರೆ ಮುಳ್ಳುತಂತಿ ಬೇಡ, ಕೆಳಗಿನ ಎಳೆ ಬಿಟ್ಟು ಹಾಕಿ, ಚಿಂಕಾರ ತಲೆ ಬಗ್ಗಿಸಿ ನುಸುಳಿ ಹೋಗುತ್ತೆ. ಬಾವಿ ಇದ್ದರೆ ಕಟ್ಟೆ ಕಟ್ಟಿಸಿ, ಹೊಂಡ ಇದ್ದರೆ ಒಂದು ಮೂಲೆಗೆ ಒರಟು ಹಗ್ಗದ ಬಲೆ ಇಳಿಬಿಡಿ. ವೀಕೆಂಡ್ ಪಾರ್ಟಿಯ ಉಳಿದ ಬಿರಿಯಾನಿ ಮಾಳದಲ್ಲಿ ಚೆಲ್ಲಿ ಬರಬೇಡಿ. ಜೀಪು ಮಾಳದ ಮೇಲೆ ಹತ್ತಿಸಬೇಡಿ. ಊರಲ್ಲಿ ಗೋಮಾಳ ಹಂಚುವ ಮಾತು ಬಂದಾಗ ಫೋನಿನಲ್ಲಾದರೂ ಒಂದು ಮಾತು ಕೇಳಿ. ನಮ್ಮಲ್ಲಿ ಬಹಳ ಜನರ ಹೆಸರು ಇನ್ನೂ ಊರಿನ ಪಹಣಿಯಲ್ಲಿದೆ, ಆ ಮಾತಿಗೆ ಅಲ್ಲಿ ತೂಕ ಇದೆ.

ನಾವೂ ಮಳೆ ಬಿದ್ದ ಕಡೆಗೆ ಬಂದವರೇ. ಗದಗ, ಹಾವೇರಿ, ಕಲಬುರಗಿಯಲ್ಲಿ ಕೆಲಸದ ಬರ ಇತ್ತು, ಇಲ್ಲಿ ಹುಲ್ಲಿತ್ತು, ಬಂದೆವು. ಬರುವಾಗ ದಾರಿಯಲ್ಲಿ ಯಾರೂ ಬೇಲಿ ಹಾಕಿರಲಿಲ್ಲ. ಹಾಕಿದ್ದರೆ ಏನಾಗುತ್ತಿತ್ತು ಅಂತ ಆ ಮೂರು ಚಿಂಕಾರ ಬೇಲಿಯ ಉದ್ದಕ್ಕೂ ನಡೆದು ಹೋದಾಗ ನನಗೆ ಅನ್ನಿಸಿತು.

ಮಗನಿಗೆ ಆಮೇಲೆ ಉತ್ತರ ಹೇಳಿದೆ: ಇಲ್ಲಿ ಮೊಸಳೆ ಇಲ್ಲ ಕಣೋ, ತಂತಿ ಇದೆ. ಅವನು ಸ್ವಲ್ಪ ಹೊತ್ತು ಯೋಚಿಸಿ, "ತಂತಿ ಬಿಚ್ಚಬಹುದಲ್ವಾ?" ಅಂದ. ಬಿಚ್ಚಬಹುದು. ಮೊಸಳೆಗೂ ತಂತಿಗೂ ಇರುವ ವ್ಯತ್ಯಾಸ ಅದೇ.

ಮುಂದಿನ ಭಾನುವಾರ ಮಯೂರೇಶ್ವರಕ್ಕೆ ಹೋಗೋಣ ಅಂತಿದ್ದೇವೆ, ಈ ಸಲ ಏಜೆಂಟ್ ಇಲ್ಲದೆ. ಬೆಳಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲು ಕಾಣುತ್ತವಂತೆ.